ಹಳೇ ಸಂಬಳದ ದಾಖಲೆಗೆ ಇನ್ನೊಂದು ವರ್ಷ: ಒಂದು ಗುತ್ತಿಗೆ ವಿಸ್ತರಣೆಯ ಪೂರ್ತಿ ಕಥೆ

2024ರ ಜನವರಿಯಲ್ಲಿ ನಮ್ಮ ನಿಗಮಕ್ಕೆ ಒಂದು ಪುಟದ ಪತ್ರ ಬಂತು. ಹಳೇ ವೇತನ ತಂತ್ರಾಂಶ ಮಾಡಿಕೊಟ್ಟಿದ್ದ ಕಂಪನಿ ಕಳಿಸಿದ್ದು. ಮಾರ್ಚ್ 31ಕ್ಕೆ ಗುತ್ತಿಗೆ ಮುಗಿಯುತ್ತದೆ, ಮುಂದುವರಿಸುವುದಾದರೆ ಹೊಸ ದರ ಇಷ್ಟು, ಬೇಡವಾದರೆ ಏಪ್ರಿಲ್ 1ರಿಂದ ಸರ್ವರ್ ಬಂದ್. ಅಷ್ಟೇ ವಿಷಯ.

ನಮ್ಮದು ರಾಜ್ಯ ಸರ್ಕಾರದ ಉದ್ಯಮ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ, ಜಿಲ್ಲೆಗಳಲ್ಲಿ ಘಟಕಗಳು. ನಿಗಮದ ಹೆಸರು ಇಲ್ಲಿ ಬೇಡ, ಕಂಪನಿಯ ಹೆಸರೂ ಬೇಡ. ನಾನು ಲೆಕ್ಕಪತ್ರ ವಿಭಾಗದಲ್ಲಿದ್ದೇನೆ, ಈ ಕಡತವನ್ನು ಶುರುವಿನಿಂದ ಕೊನೆವರೆಗೆ ನೋಡಿದ್ದೇನೆ. ಇಂಥದೇ ಕಡತ ಇನ್ನೂ ಎಷ್ಟೋ ಕಚೇರಿಗಳಲ್ಲಿ ಟೇಬಲ್‌ನಿಂದ ಟೇಬಲ್‌ಗೆ ಓಡಾಡುತ್ತಿದೆ ಅಂತ ಗೊತ್ತಿರುವುದರಿಂದ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ಗುತ್ತಿಗೆ ಯಾವುದಕ್ಕೆ ಅಂತ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಾವು ಹೊಸ ವೇತನ ತಂತ್ರಾಂಶಕ್ಕೆ ಬದಲಾದೆವು. ಹೊಸದಕ್ಕೆ ಹೋಗುವಾಗ ಆಗ ಕೆಲಸದಲ್ಲಿದ್ದವರ ವಿವರ, ಚಾಲ್ತಿ ವರ್ಷದ ಸಂಬಳ, ಸಾಲದ ಬಾಕಿ, ರಜೆ ಲೆಕ್ಕ ಇಷ್ಟನ್ನು ಮಾತ್ರ ತೆಗೆದುಕೊಂಡು ಹೋಗಲಾಯಿತು. ಅದಕ್ಕಿಂತ ಹಿಂದಿನ ತಿಂಗಳು ತಿಂಗಳ ಪೇ ಬಿಲ್, ಕಟಾವಣೆ, ಬಾಕಿ ಪಾವತಿ ಎಲ್ಲ ಹಳೇ ಕಂಪನಿಯ ಸರ್ವರ್‌ನಲ್ಲೇ ಉಳಿಯಿತು. ಅದನ್ನು ಬರೀ ನೋಡುವುದಕ್ಕೆ ಅಂತ ಎರಡು ವರ್ಷದ ಒಂದು ಚಿಕ್ಕ ಗುತ್ತಿಗೆ ಆಯಿತು. ಬೇಕಿದ್ದರೆ ಒಂದು ವರ್ಷ ಮುಂದುವರಿಸಬಹುದು ಎಂಬ ಷರತ್ತಿತ್ತು, ಅದನ್ನೂ ಬಳಸಿಕೊಂಡಾಗಿತ್ತು. ಲಾಗಿನ್ ಆಗಿ ನೌಕರರ ಸಂಖ್ಯೆ ಹಾಕಿದರೆ ಆ ತಿಂಗಳ ಚೀಟಿ ಪರದೆ ಮೇಲೆ ಬರುತ್ತದೆ, ಒಂದೊಂದಾಗಿ ಪಿಡಿಎಫ್ ತೆಗೆದುಕೊಳ್ಳಬಹುದು. ಒಟ್ಟಿಗೆ ನೂರು ಜನರದ್ದು ಬೇಕು ಅಂದರೆ ಆಗುವುದಿಲ್ಲ.

ಇಷ್ಟಕ್ಕೆ ವರ್ಷ ವರ್ಷ ದುಡ್ಡು ಕೊಡಬೇಕಾ ಅಂತ ಕೇಳಿದವರು ಇದ್ದರು. ಕೇಳಬೇಕಾದ ಪ್ರಶ್ನೆಯೇ. ಸಭೆಯಲ್ಲಿ ಒಬ್ಬ ಹಿರಿಯ ಅಧಿಕಾರಿ, 1936ರ ವೇತನ ಪಾವತಿ ಕಾಯ್ದೆ ಪ್ರಕಾರ ವೇತನದ ರಿಜಿಸ್ಟರನ್ನು ಕೊನೆಯ ನಮೂದಿನಿಂದ 3 ವರ್ಷ ಇಟ್ಟರೆ ಸಾಕಲ್ಲ, 1990ರ ದಶಕದ್ದು ನಮಗ್ಯಾಕೆ ಅಂದರು. ಕಾಯ್ದೆ ಆಗ ಹಾಗೇ ಹೇಳುತ್ತಿತ್ತು, ಸರಿ. ಆದರೆ ಅದು ಕನಿಷ್ಠ. ನಮ್ಮ ಅಗತ್ಯ ಬೇರೆ ಕಡೆಯಿಂದ ಬಂದಿತ್ತು.

2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಇಪಿಎಸ್-95, ಅಂದರೆ ಪಿಎಫ್ ಸದಸ್ಯರಿಗಿರುವ 1995ರ ನೌಕರರ ಪಿಂಚಣಿ ಯೋಜನೆ ಬಗ್ಗೆ ತೀರ್ಪು ಕೊಟ್ಟಿತು. 2014ರ ಸೆಪ್ಟೆಂಬರ್ 1ರಂದು ಸದಸ್ಯರಾಗಿದ್ದು ಮುಂದೆಯೂ ಸೇವೆಯಲ್ಲಿ ಉಳಿದವರು ಮಿತಿಯ ಸಂಬಳದ ಬದಲು ನಿಜವಾದ ಸಂಬಳದ ಮೇಲೆ ಪಿಂಚಣಿ ಆಯ್ಕೆ ಮಾಡಿಕೊಳ್ಳಲು ಅವಕಾಶ ಸಿಕ್ಕಿತು. ಜನ ಇದನ್ನು ಹೈಯರ್ ಪೆನ್ಷನ್ ಅಂತಲೇ ಕರೆಯುತ್ತಾರೆ. ಅರ್ಜಿ ಹಾಕುವ ಕೊನೆಯ ದಿನ ಮುಂದೆ ಹೋಗುತ್ತಾ ಹೋಗುತ್ತಾ 2023ರ ಜುಲೈ 11ಕ್ಕೆ ನಿಂತಿತು. ಅಷ್ಟು ಹೊತ್ತಿಗೆ ದೇಶದಲ್ಲಿ 17.49 ಲಕ್ಷ ಅರ್ಜಿ ಬಂದಿದ್ದವು. ಅರ್ಜಿ ಹಾಕುವುದು ನೌಕರರ ಕೆಲಸ, ಆದರೆ ಅದಕ್ಕೆ ಸಂಬಳದ ವಿವರ ತುಂಬಿಸಿ ದೃಢೀಕರಿಸಬೇಕಾದವರು ನಾವು, ಅಂದರೆ ಮಾಲೀಕರು. ಎಲ್ಲಿಂದ ಎಲ್ಲಿವರೆಗೆ? ಯೋಜನೆ ಶುರುವಾದ 1995ರ ನವೆಂಬರ್ 16ರಿಂದ, ಅಥವಾ ಅವರು ಕೆಲಸಕ್ಕೆ ಸೇರಿದ ದಿನದಿಂದ, ಪ್ರತಿ ತಿಂಗಳಿನದ್ದೂ.

ಪ್ರತಿ ತಿಂಗಳು ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಪ್ರಕರಣದ ತೂಕ ಇಲ್ಲೇ ಇದೆ. ಮಾಲೀಕರ ಪಾಲಿನ ಪಿಎಫ್‌ನಿಂದ ಸಂಬಳದ 8.33% ಪಿಂಚಣಿ ನಿಧಿಗೆ ಹೋಗುತ್ತದೆ, ಆದರೆ ಒಂದು ಮಿತಿಯ ಸಂಬಳದ ಮೇಲೆ ಮಾತ್ರ. ಆ ಮಿತಿ ಮೊದಲು 5,000 ರೂಪಾಯಿ ಇತ್ತು, 2001ರ ಜೂನ್ 1ರಿಂದ 6,500 ಆಯಿತು, 2014ರ ಸೆಪ್ಟೆಂಬರ್ 1ರಿಂದ 15,000. ಮಿತಿಗಿಂತ ಮೇಲಿನ ಸಂಬಳದ 8.33% ಅನ್ನೂ ತಿಂಗಳು ತಿಂಗಳು ಲೆಕ್ಕ ಹಾಕಿ, ಬಡ್ಡಿ ಸೇರಿಸಿ, ಪಿಂಚಣಿ ಖಾತೆಗೆ ತರಬೇಕು. ಹಾಗಾಗಿ 1998ರ ಆಗಸ್ಟ್‌ನಲ್ಲಿ ಒಬ್ಬರ ಮೂಲ ವೇತನ ಎಷ್ಟಿತ್ತು, ತುಟ್ಟಿಭತ್ಯೆ ಎಷ್ಟಿತ್ತು ಅನ್ನುವುದು ಇವತ್ತಿಗೆ ದುಡ್ಡಿನ ವಿಷಯ. ಪಿಂಚಣಿ ಲೆಕ್ಕದ ಸೂತ್ರ ಸರಳ: ಪಿಂಚಣಿಗೆ ಅರ್ಹವಾದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಒಳಗಿನ ವಿವರ ಎಲ್ಲ ಬದಿಗಿಟ್ಟು ಸುಮ್ನೆ ಒಂದು ಉದಾಹರಣೆ ಹೇಳಿದರೆ, 30 ವರ್ಷ ಸೇವೆಗೆ 15,000ದ ಮೇಲೆ ಸುಮಾರು 6,400 ರೂಪಾಯಿ ಬರುತ್ತದೆ, 42,000ದ ಮೇಲೆ 18,000 ಬರುತ್ತದೆ. ಒಂದು ಮನೆಯ ಖರ್ಚಿನಲ್ಲಿ ಇದು ಎಷ್ಟು ದೊಡ್ಡ ಅಂತರ ಅಂತ ನಾನು ಹೇಳಬೇಕಾಗಿಲ್ಲ.

2012ರಿಂದ ಈಚೆಗೆ ಪಿಎಫ್ ಲೆಕ್ಕ ಆನ್‌ಲೈನ್ ಇಸಿಆರ್ (ಮಾಲೀಕರು ತಿಂಗಳು ತಿಂಗಳು ಕಳಿಸುವ ವಂತಿಗೆ ಪಟ್ಟಿ) ಮೂಲಕ ಹೋಗಿದೆ, ಅದು ಪಿಎಫ್ ಕಚೇರಿಯಲ್ಲೇ ಸಿಗುತ್ತದೆ. ಅದಕ್ಕಿಂತ ಹಿಂದಿನದು ಕಾಗದ. ಒಬ್ಬೊಬ್ಬರ ವಂತಿಗೆಗೆ ವರ್ಷಕ್ಕೊಂದು 3ಎ ಕಾರ್ಡು, ಎಲ್ಲರ ಒಟ್ಟು ಪಟ್ಟಿಗೆ 6ಎ. ನಮ್ಮ ಗೋದಾಮಿನಲ್ಲಿ ಕೆಲವು ವರ್ಷದ್ದು ಇತ್ತು, ಕೆಲವು ಘಟಕದ್ದು ಗೆದ್ದಲು ತಿಂದಿತ್ತು, ಎರಡು ಘಟಕದ್ದು ಕಚೇರಿ ಬದಲಾಯಿಸುವಾಗ ಎಲ್ಲಿ ಹೋಯಿತೋ ಪತ್ತೆ ಇಲ್ಲ. ಹಾಗಾಗಿ 1995ರಿಂದ 2012ರವರೆಗಿನ ಸಂಬಳಕ್ಕೆ ಪೂರ್ತಿಯಾಗಿ ನಂಬಬಹುದಾದ ಜಾಗ ಒಂದೇ: ಆ ಹಳೇ ಸರ್ವರ್.

ಪತ್ರ ಬಂದಾಗ ಮಾಲೀಕರು ವೇತನ ವಿವರ ಸಲ್ಲಿಸಲು ಇದ್ದ ಕೊನೆಯ ದಿನ 2024ರ ಮೇ 31. ನಮ್ಮ ಗುತ್ತಿಗೆ ಮುಗಿಯುವುದು ಮಾರ್ಚ್ 31. ನಡುವಿನ ಎರಡು ತಿಂಗಳು ಏನು ಮಾಡುವುದು ಅನ್ನುವುದೇ ಎಲ್ಲರ ತಲೆಬಿಸಿ ಆಯಿತು. ನನ್ನ ಅಭಿಪ್ರಾಯದಲ್ಲಿ ತಲೆಬಿಸಿ ಮಾಡಿಕೊಳ್ಳಬೇಕಾಗಿದ್ದದ್ದು ಎರಡು ತಿಂಗಳಿಗಲ್ಲ. ಮೇ 31 ಕೂಡ ಮುಂದೆ ಹೋಗುತ್ತದೆ, ಅದು ಮುಗಿದ ಮೇಲೆ ಪಿಎಫ್ ಕಚೇರಿಯಿಂದ ಪ್ರಶ್ನೆಗಳು ಬರುತ್ತವೆ, ಕಾರ್ಮಿಕ ನ್ಯಾಯಾಲಯದ ಕೇಸುಗಳು ಇದ್ದೇ ಇವೆ. ಮುಖ್ಯ ಪ್ರಶ್ನೆ ಬೇರೆ. ನಮ್ಮದೇ ನೌಕರರ ಸಂಬಳದ ಲೆಕ್ಕ ನೋಡುವುದಕ್ಕೆ ನಾವು ಇನ್ನೊಬ್ಬರ ಬಾಗಿಲು ಎಷ್ಟು ವರ್ಷ ತಟ್ಟುತ್ತಾ ಕೂರುವುದು?

ಕಡತದಲ್ಲಿ ನಾಲ್ಕು ದಾರಿ ಚರ್ಚೆಯಾದವು. ಬಿಟ್ಟುಬಿಡುವುದು ಮೊದಲನೆಯದು, ಅದು ಒಂದೇ ಸಭೆಯಲ್ಲಿ ಬಿದ್ದುಹೋಯಿತು. ಹೊಸದಾಗಿ ಟೆಂಡರ್ ಕರೆಯುವುದು ಎರಡನೆಯದು. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ದತ್ತಾಂಶ ಇರುವುದು ಹಳೇ ಕಂಪನಿಯ ಬಳಿ, ಅದು ನಮ್ಮ ಕೈಗೆ ಬರುವ ತನಕ ಬೇರೆ ಯಾರು ಟೆಂಡರ್ ಹಾಕಿ ಏನು ಮಾಡುತ್ತಾರೆ? ಮೂರನೆಯದು ಕಂಪನಿಯೇ ಮುಂದಿಟ್ಟ ದಾರಿ, ಮೂರು ವರ್ಷಕ್ಕೆ ಒಟ್ಟಿಗೆ ಮಾಡಿಕೊಂಡರೆ ದರದಲ್ಲಿ ರಿಯಾಯಿತಿ. ಇದು ಬಹಳ ಜನಕ್ಕೆ ಇಷ್ಟವಾಯಿತು, ಮೂರು ವರ್ಷ ಈ ಕಡತ ಮತ್ತೆ ತೆರೆಯಬೇಕಾಗಿಲ್ಲ ಅಲ್ವಾ. ನಾನು ಇದನ್ನು ಬಲವಾಗಿ ವಿರೋಧಿಸಿದೆ. ಮೂರು ವರ್ಷ ಆದ ಮೇಲೆ ನಾವು ಇದೇ ಜಾಗದಲ್ಲಿ ನಿಂತಿರುತ್ತೇವೆ. ಅಷ್ಟರಲ್ಲಿ ಹಳೇ ತಂತ್ರಾಂಶ ಗೊತ್ತಿದ್ದವರು ನಮ್ಮಲ್ಲೂ ಇರುವುದಿಲ್ಲ, ಅವರಲ್ಲೂ ಇರುವುದಿಲ್ಲ. ನಾಲ್ಕನೆಯ ದಾರಿ ಒಂದೇ ಒಂದು ವರ್ಷ ವಿಸ್ತರಣೆ. ಆ ವರ್ಷದೊಳಗೆ ಪೂರ್ತಿ ದತ್ತಾಂಶ ನಮ್ಮ ಕೈಗೆ ಬರಬೇಕು, ಬಂದದ್ದು ಸರಿಯಿದೆ ಅಂತ ಪರೀಕ್ಷೆ ಆಗಬೇಕು, ಆಮೇಲೆ ಗುತ್ತಿಗೆ ಕೊನೆ. ಕೊನೆಗೆ ಇದೇ ಆಯಿತು.

ಆದರೆ ಇದಕ್ಕೆ ಮಂಜೂರಾತಿ ಪಡೆಯುವ ದಾರಿ ಸಲೀಸಾಗಿರಲಿಲ್ಲ.

ವಿಸ್ತರಣೆ ಅಂತ ನಾವು ಬಾಯಲ್ಲಿ ಹೇಳುತ್ತೇವೆ. ಗುತ್ತಿಗೆಯಲ್ಲಿ ಇದ್ದ ವಿಸ್ತರಣೆಯ ಅವಕಾಶ ಆಗಲೇ ಮುಗಿದಿತ್ತಲ್ಲ, ಹಾಗಾದರೆ ಇನ್ನೊಂದು ವರ್ಷ ಅನ್ನುವುದು ಕಾನೂನಿನ ಕಣ್ಣಿಗೆ ಹೊಸ ಸಂಗ್ರಹಣೆ, ಅಂದರೆ ಹೊಸ ಖರೀದಿ. ಮೊದಲ ಟಿಪ್ಪಣಿಯಲ್ಲಿ ‘ಅದೇ ಷರತ್ತುಗಳ ಮೇಲೆ ಮುಂದುವರಿಸಬಹುದು’ ಅಂತ ಬರೆದು ಕಳಿಸಲಾಗಿತ್ತು, ಆರ್ಥಿಕ ಸಲಹೆಗಾರರು ಅದನ್ನು ಒಂದೇ ಸಾಲಿನಲ್ಲಿ ವಾಪಸ್ ಮಾಡಿದರು: ಯಾವ ಷರತ್ತಿನ ಅಡಿಯಲ್ಲಿ? ಅವರು ಮಾಡಿದ್ದು ಸರಿ. ಗುತ್ತಿಗೆಯಲ್ಲಿ ಇಲ್ಲದ ವಿಸ್ತರಣೆಯನ್ನು ಮೌಖಿಕವಾಗಿ ಒಪ್ಪಿಕೊಂಡು, ಕಂಪನಿ ಕೆಲಸ ಮುಂದುವರಿಸಿ, ಆರು ತಿಂಗಳಾದ ಮೇಲೆ ಬಿಲ್ ಬಂದಾಗ ಘಟನೋತ್ತರ ಮಂಜೂರಾತಿಗೆ ಕಡತ ಹಿಡಿದು ಓಡುವುದನ್ನು ಸರ್ಕಾರಿ ಕಚೇರಿಗಳಲ್ಲಿ ಎಷ್ಟು ಸಲ ನೋಡಿದ್ದೇವೆ. ಆಡಿಟ್ ಪ್ಯಾರಾ, ಅಂದರೆ ಲೆಕ್ಕ ಪರಿಶೋಧಕರ ವರದಿಯಲ್ಲಿ ಬರುವ ಆಕ್ಷೇಪ, ಹುಟ್ಟುವುದೇ ಅಲ್ಲಿ.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ನಮ್ಮಂಥ ನಿಗಮಕ್ಕೂ ಅನ್ವಯಿಸುತ್ತದೆ. ಟೆಂಡರ್ ಇಲ್ಲದೆ ಕೊಳ್ಳಬೇಕು ಅಂದರೆ ಕಲಂ 4ರ ಯಾವುದಾದರೂ ಒಂದು ವಿನಾಯಿತಿಯೊಳಗೆ ಬರಬೇಕು. ಕಚೇರಿಗಳಲ್ಲಿ ಎಲ್ಲರ ಬಾಯಲ್ಲಿ ಬರುವುದು 4(ಜಿ). ಅದು ಸರ್ಕಾರವೇ ನಿರ್ದಿಷ್ಟ ಸಂಗ್ರಹಣೆಗೆ ಅಧಿಸೂಚನೆ ಹೊರಡಿಸಿ ಕೊಡುವ ವಿನಾಯಿತಿ. ಇಲಾಖೆ, ಆರ್ಥಿಕ ಇಲಾಖೆ ಎಲ್ಲ ಸುತ್ತಿ ಬರಬೇಕು. ನಮಗೆ ಹೊಂದುತ್ತಿದ್ದದ್ದು 4(ಬಿ): ಸೇವೆ ಒಂದೇ ಮೂಲದಿಂದ ಸಿಗುವಂಥದ್ದು, ಬೇರೆ ಪರ್ಯಾಯ ಇಲ್ಲ ಅನ್ನುವ ಸಂದರ್ಭ. ಆದರೆ ಪರ್ಯಾಯ ಇಲ್ಲ ಅಂತ ನಾವೇ ಬರೆದುಕೊಂಡರೆ ನಡೆಯುವುದಿಲ್ಲ. ಮೂರು ಜನ ತಜ್ಞರ ಸಮಿತಿ ಹೇಳಬೇಕು. ಒಬ್ಬರು ನಮ್ಮ ತಾಂತ್ರಿಕ ಪ್ರತಿನಿಧಿ, ಒಬ್ಬರು ಇಂಥದೇ ಸಂಗ್ರಹಣೆ ಮಾಡುವ ಇನ್ನೊಂದು ಸರ್ಕಾರಿ ಸಂಸ್ಥೆಯವರು, ಮತ್ತೊಬ್ಬರು ಹೆಸರಾಂತ ಶಿಕ್ಷಣ ಅಥವಾ ಸಂಶೋಧನಾ ಸಂಸ್ಥೆಯವರು.

ಮೊತ್ತ ಚಿಕ್ಕದು, ಮೂರು ತಿಂಗಳಿಗೊಂದು ಕಾರ್ಯಾದೇಶ ಮಾಡಿ ಸಣ್ಣ ಖರೀದಿ ಮಿತಿಯೊಳಗೆ ತಂದುಬಿಡೋಣ ಅಂತ ಒಂದು ಸಲಹೆಯೂ ಬಂತು. ಒಂದೇ ಕೆಲಸವನ್ನು ತುಂಡು ಮಾಡಿ ಮಿತಿಯೊಳಗೆ ನುಗ್ಗಿಸುವುದು ಆಡಿಟ್‌ನವರು ಮೊದಲು ಹುಡುಕುವ ವಿಷಯ. ಅದನ್ನು ಬರೆದ ಹಾಳೆ ಕಡತದಲ್ಲಿ ಹಾಗೇ ಉಳಿದಿದೆ, ಅದರ ಕೆಳಗೆ ‘ಒಪ್ಪಿಲ್ಲ’ ಅಂತ ಎಂ.ಡಿ. ಅವರ ಕೈಬರಹವೂ ಇದೆ.

ಸಮಿತಿಯ ಸಭೆ ಚೆನ್ನಾಗಿ ನಡೆಯಿತು ಅಂತಲೇ ಹೇಳಬೇಕು. ಕಾಲೇಜಿನಿಂದ ಬಂದಿದ್ದ ಪ್ರಾಧ್ಯಾಪಕರು ಒಳ್ಳೆಯ ಪ್ರಶ್ನೆ ಕೇಳಿದರು. ನಿಮಗೆ ಪರ್ಯಾಯ ಇಲ್ಲದಿರುವುದು ತಂತ್ರಾಂಶಕ್ಕಾ, ದತ್ತಾಂಶಕ್ಕಾ? ತಂತ್ರಾಂಶ ಅವರದು, ಸರಿ. ಒಳಗಿರುವ ಅಂಕಿ ನಿಮ್ಮದಲ್ಲವಾ? ಆ ಪ್ರಶ್ನೆಗೆ ಉತ್ತರ ಹುಡುಕಲು ನಾವು ಮೂಲ ಗುತ್ತಿಗೆಯ ಪ್ರತಿ ತೆಗೆದೆವು. ದತ್ತಾಂಶದ ಒಡೆತನದ ಬಗ್ಗೆ ಒಂದು ಪದವೂ ಇರಲಿಲ್ಲ. ಹಾರ್ಡ್‌ವೇರ್ ಯಾರದು, ಲೈಸೆನ್ಸ್ ಯಾರದು, ದಂಡ ಎಷ್ಟು, ಮುದ್ರಾಂಕ ಶುಲ್ಕ ಯಾರು ಕಟ್ಟಬೇಕು ಎಲ್ಲ ಇತ್ತು. ಸಮಿತಿ ತನ್ನ ವರದಿಯಲ್ಲಿ ಒಂದು ವರ್ಷಕ್ಕೆ ಮಾತ್ರ ಏಕಮೂಲ ಅಂತ ಒಪ್ಪಿತು, ಅದೂ ದತ್ತಾಂಶ ಹಸ್ತಾಂತರ ಆಗಲೇಬೇಕು ಎಂಬ ಷರತ್ತಿನ ಮೇಲೆ. ನಾವು ಕೇಳಬೇಕಾಗಿದ್ದದ್ದನ್ನು ಸಮಿತಿಯೇ ಬರೆದುಕೊಟ್ಟಿದ್ದು ದೊಡ್ಡ ಬಲವಾಯಿತು.

ಇನ್ನೊಂದು ಕಡೆ ಕ್ಯಾಲೆಂಡರ್ ಓಡುತ್ತಿತ್ತು. 2024 ಲೋಕಸಭಾ ಚುನಾವಣೆಯ ವರ್ಷ. ವೇಳಾಪಟ್ಟಿ ಘೋಷಣೆಯಾದರೆ ನೀತಿ ಸಂಹಿತೆ ಬರುತ್ತದೆ, ಹೊಸ ಕಾರ್ಯಾದೇಶ ಕೊಡಲು ಅನುಮತಿ ಕೇಳುತ್ತಾ ಕೂರಬೇಕು, ಅಷ್ಟರಲ್ಲಿ ಮಾರ್ಚ್ 31 ದಾಟಿಹೋಗಿರುತ್ತದೆ. ನಿಗಮದ ಆಡಳಿತ ಮಂಡಳಿಯ ಮುಂದೆ ಫೆಬ್ರವರಿಯಲ್ಲೇ ವಿಷಯ ಇಡಿಸಿದ್ದಕ್ಕೆ ಇದೇ ಕಾರಣ. ಮಾರ್ಚ್ 16ರಂದು ಚುನಾವಣಾ ಆಯೋಗ ವೇಳಾಪಟ್ಟಿ ಪ್ರಕಟಿಸಿತು. ಅದಕ್ಕೂ ಮುಂಚೆ ನಮ್ಮ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಇಂಥ ಕಡತ ಕೈಯಲ್ಲಿರುವ ಯಾರಿಗಾದರೂ ನಾನು ಹೇಳುವುದು ಇಷ್ಟೇ: ಗುತ್ತಿಗೆ ಮುಗಿಯುವ ದಿನವನ್ನು ಕಂಪನಿಯ ಪತ್ರದಿಂದ ತಿಳಿದುಕೊಳ್ಳಬೇಡಿ, ಆರು ತಿಂಗಳು ಮುಂಚೆಯೇ ನಿಮ್ಮ ಟೇಬಲ್ ಮೇಲೆ ಬರುವ ಹಾಗೆ ಮಾಡಿಕೊಳ್ಳಿ. ನಮಗೆ ಸಿಕ್ಕಿದ್ದ ಎರಡೂವರೆ ತಿಂಗಳು ಬಹಳ ಬಿಗಿಯಾಯಿತು.

ದರದ ಮಾತುಕತೆ ಒಂದೇ ವಿಷಯದ ಮೇಲೆ ತಿರುಗಿತು. ಒಟ್ಟು ಮೊತ್ತ ಬೇಡ, ಬಿಡಿಸಿ ಕೊಡಿ ಅಂದೆವು. ಸರ್ವರ್ ಜಾಗಕ್ಕೆ ಎಷ್ಟು, ಡೇಟಾಬೇಸ್ ಲೈಸೆನ್ಸಿಗೆ ಎಷ್ಟು, ನೋಡಿಕೊಳ್ಳುವ ಮನುಷ್ಯನಿಗೆ ಎಷ್ಟು. ಬಿಡಿಸಿದಾಗ ಗೊತ್ತಾಯಿತು, ಚಾಲ್ತಿ ವೇತನ ನಡೆಯುತ್ತಿದ್ದ ಕಾಲದ ನಿರ್ವಹಣಾ ವೆಚ್ಚವೇ ಹಾಗೇ ಮುಂದುವರಿದು ಬಂದಿದೆ. ಬರೀ ನೋಡುವ ವ್ಯವಸ್ಥೆಗೆ ತಿಂಗಳ ಕೊನೆಯ ಸಂಬಳದ ಓಟ ಇಲ್ಲ, ತಿದ್ದುಪಡಿ ಇಲ್ಲ, ತೆರಿಗೆ ಬದಲಾವಣೆ ಇಲ್ಲ. ಅದನ್ನು ಎತ್ತಿ ತೋರಿಸಿದ ಮೇಲೆ ದರ ಇಳಿಯಿತು. ಇಳಿದ ದುಡ್ಡಿನ ಒಂದು ಭಾಗವನ್ನು ನಾವೇ ಹಸ್ತಾಂತರದ ಕೆಲಸಕ್ಕೆ ಅಂತ ಬೇರೆ ಸಾಲಿನಲ್ಲಿ ಸೇರಿಸಿದೆವು. ಕಂಪನಿಯವರೂ ಮನುಷ್ಯರೇ, ಕೆಲಸ ಮಾಡಿಕೊಡಬೇಕು ಅಂದರೆ ಅದಕ್ಕೆ ಬೆಲೆ ಕೊಡಬೇಕು. ಪುಕ್ಕಟೆಯಾಗಿ ಡಂಪ್ (ದತ್ತಾಂಶದ ಪೂರ್ತಿ ಪ್ರತಿ) ಕೊಡಿ ಅಂದರೆ ಒಂದು ಸಿ.ಡಿ. ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಒಪ್ಪಂದದಲ್ಲಿ ಏನೇನು ಹಾಕಿದೆವು ಅನ್ನುವುದು ಮುಖ್ಯ. ದತ್ತಾಂಶ ನಿಗಮದ್ದು, ಕಂಪನಿ ಅದರ ಪಾಲಕ ಮಾತ್ರ ಅಂತ ಮೊದಲ ಸಾಲಿನಲ್ಲೇ ಬರೆಸಿದೆವು. ಡೇಟಾಬೇಸಿನ ಪೂರ್ತಿ ಪ್ರತಿಯ ಜೊತೆಗೆ ಯಾವ ತಂತ್ರಾಂಶದಲ್ಲಾದರೂ ತೆರೆಯುವ ಸಿಎಸ್‌ವಿ ಕಡತಗಳು ಬೇಕು. ಪ್ರತಿ ಕೋಷ್ಟಕದಲ್ಲಿ ಪ್ರತಿ ಕಾಲಂ ಏನು ಅಂತ ವಿವರಿಸುವ ಪಟ್ಟಿ ಬೇಕು. ಹಳೇ ಪೇ ಬಿಲ್‌ಗಳು ಘಟಕವಾರು, ತಿಂಗಳುವಾರು ಪಿಡಿಎಫ್ ಆಗಿ ಬೇಕು, ಯಾಕೆಂದರೆ ನ್ಯಾಯಾಲಯಕ್ಕೆ ಹೋದಾಗ ಸಿಎಸ್‌ವಿ ತೋರಿಸಲು ಆಗುವುದಿಲ್ಲ. ಪಾವತಿ ಮುಂಗಡ ಇಲ್ಲ, ಮೂರು ತಿಂಗಳು ಮುಗಿದ ಮೇಲೆ. ಹಸ್ತಾಂತರದ ದುಡ್ಡಿನ ಕೊನೆಯ ಕಂತು, ನಮ್ಮದೇ ಕಂಪ್ಯೂಟರಿನಲ್ಲಿ ಕಂಪನಿಯವರ ಸಹಾಯ ಇಲ್ಲದೆ ನಾವೇ ದತ್ತಾಂಶ ತೆರೆದು, ನಾವು ಆರಿಸಿದ ತಿಂಗಳುಗಳ ಲೆಕ್ಕ ಹೊಂದಿದ ಮೇಲೆ ಮಾತ್ರ. ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಏನನ್ನೂ ಅಳಿಸುವಂತಿಲ್ಲ, ಅಳಿಸಿದ ಮೇಲೆ ಪ್ರಮಾಣಪತ್ರ ಕೊಡಬೇಕು.

ಹೇಳಿದಷ್ಟು ಸುಲಭವಾಗಿ ಹಸ್ತಾಂತರ ಆಗಲಿಲ್ಲ. ಮೊದಲ ಪ್ರತಿ ಜೂನ್ ಹೊತ್ತಿಗೆ ಬಂತು. ನಾವು ಗೋದಾಮಿನಿಂದ ಕೆಲವು ಘಟಕಗಳ ಹಳೇ ನಗದು ಪುಸ್ತಕ ಮತ್ತು ಪಿಎಫ್ ಚಲನ್ ತೆಗೆದು ಪಕ್ಕದಲ್ಲಿಟ್ಟುಕೊಂಡೆವು. ಆ ತಿಂಗಳ ಎಲ್ಲರ ಪಿಎಫ್ ಕಟಾವಣೆ ಕೂಡಿಸಿದರೆ ಚಲನ್‌ನ ಮೊತ್ತ ಬರಬೇಕು. 1997ರ ಸೆಪ್ಟೆಂಬರ್ 22ರಿಂದ ಪಿಎಫ್ ವಂತಿಗೆ 10%ನಿಂದ 12%ಗೆ ಏರಿದ್ದರಿಂದ ಆ ವರ್ಷದ ಕೊನೆಯ ತಿಂಗಳುಗಳನ್ನು ಬೇಕಂತಲೇ ಆರಿಸಿದ್ದೆವು, ದರ ಬದಲಾದ ಕಡೆ ತಪ್ಪುಗಳು ಎದ್ದು ಕಾಣುತ್ತವೆ. ಅಲ್ಲಿ ಎಲ್ಲ ಸರಿಯಿತ್ತು. ತಪ್ಪು ಕಂಡದ್ದು ಬೇರೆ ಕಡೆ. ತುಟ್ಟಿಭತ್ಯೆ ಬಾಕಿ ಕೊಟ್ಟ ತಿಂಗಳುಗಳಲ್ಲೆಲ್ಲ ಡೇಟಾಬೇಸಿನ ಮೊತ್ತ ಚಲನ್‌ಗಿಂತ ಕಡಿಮೆ ಬರುತ್ತಿತ್ತು. ಪ್ರತಿ ಸಲವೂ ಕಡಿಮೆಯೇ, ಒಮ್ಮೆಯೂ ಜಾಸ್ತಿ ಅಲ್ಲ. ಹಾಗಾದರೆ ಏನೋ ಒಂದು ಪೂರ್ತಿಯಾಗಿ ಬಿಟ್ಟುಹೋಗಿದೆ ಅಂತ ಅರ್ಥ. ನಮ್ಮ ವಿಭಾಗದಲ್ಲಿ ನಿವೃತ್ತಿಗೆ ಹತ್ತಿರ ಇದ್ದ ಒಬ್ಬ ಅಧೀಕ್ಷಕರು ಪಟ್ಟಿ ನೋಡಿ, ‘ಪೂರಕ ಬಿಲ್ಲು ಬಂದಿಲ್ಲ ಮೇಡಂ, ಅದು ಬೇರೆ ಓಡಿಸ್ತಿದ್ವಿ’ ಅಂದರು. ಬಾಕಿ, ವ್ಯತ್ಯಾಸ, ತಡವಾಗಿ ಬಂದ ಬಡ್ತಿ, ಇವನ್ನೆಲ್ಲ ಆ ಕಾಲದಲ್ಲಿ ಪೂರಕ ಬಿಲ್ಲಿನಲ್ಲಿ ಬೇರೆ ಮಾಡುತ್ತಿದ್ದರು, ಅದು ಇನ್ನೊಂದು ಕೋಷ್ಟಕದಲ್ಲಿತ್ತು, ಕಂಪನಿಯ ಹೊಸ ಹುಡುಗರಿಗೆ ಅದು ಇರುವುದೇ ಗೊತ್ತಿರಲಿಲ್ಲ. ಹೈಯರ್ ಪೆನ್ಷನ್ ಲೆಕ್ಕದಲ್ಲಿ ಆ ಬಾಕಿಯೂ ಸಂಬಳವೇ. ಪರೀಕ್ಷೆ ಮಾಡದೆ ಕೊನೆಯ ಕಂತು ಕೊಟ್ಟಿದ್ದರೆ ಆ ಕೋಷ್ಟಕ ಸರ್ವರ್ ಜೊತೆ ಹೋಗಿಬಿಡುತ್ತಿತ್ತು.

ಎರಡನೆಯ ತೊಡಕು ಸಂಕೇತಗಳದು. ಪ್ರತಿ ಭತ್ಯೆಗೂ ಕಟಾವಣೆಗೂ ಎರಡು ಅಂಕಿಯ ಸಂಕೇತ. ಆದರೆ ಸಂಕೇತಗಳು ಕಾಲ ಕಾಲಕ್ಕೆ ಬದಲಾಗಿದ್ದವು, ಖಾಲಿಯಾದ ಸಂಖ್ಯೆಯನ್ನು ಬೇರೆ ಭತ್ಯೆಗೆ ಮತ್ತೆ ಬಳಸಿಕೊಂಡಿದ್ದರು. ಒಂದೇ ಸಂಕೇತ ಒಂದು ಅವಧಿಯಲ್ಲಿ ಮಧ್ಯಂತರ ಪರಿಹಾರ, ಇನ್ನೊಂದು ಅವಧಿಯಲ್ಲಿ ಸಮವಸ್ತ್ರ ಭತ್ಯೆ. ಮಧ್ಯಂತರ ಪರಿಹಾರವನ್ನು ನಾವು ಪಿಎಫ್ ಲೆಕ್ಕಕ್ಕೆ ಸೇರಿಸಿದ್ದೆವು, ಸಮವಸ್ತ್ರ ಭತ್ಯೆಯನ್ನು ಸೇರಿಸಿರಲಿಲ್ಲ. ಯಾವ ಸಂಕೇತ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಏನಾಗಿತ್ತು ಅನ್ನುವ ಪಟ್ಟಿ ಇಲ್ಲದಿದ್ದರೆ ಅಂಕಿಗಳಿಂದ ಏನೂ ಉಪಯೋಗವಿಲ್ಲ. ಆ ಪಟ್ಟಿ ಯಾರ ಬಳಿಯೂ ಸಿದ್ಧವಾಗಿರಲಿಲ್ಲ. ಹಳೇ ಸುತ್ತೋಲೆಗಳನ್ನು ಮುಂದಿಟ್ಟುಕೊಂಡು, ಅದೇ ಅಧೀಕ್ಷಕರನ್ನು ಕೂರಿಸಿಕೊಂಡು, ಒಂದೊಂದಾಗಿ ಕಟ್ಟಿದೆವು. ಇಡೀ ಕೆಲಸದಲ್ಲಿ ಜಾಸ್ತಿ ಸಮಯ ತಿಂದದ್ದು ಇದೇ, ಮತ್ತು ಅವರು ನಿವೃತ್ತರಾಗುವ ಮೊದಲೇ ಮುಗಿಸಿದ್ದು ನನಗೆ ಇವತ್ತಿಗೂ ನೆಮ್ಮದಿ ಕೊಡುವ ವಿಷಯ.

ಕನ್ನಡದ ತೊಡಕೂ ಇತ್ತು. ಹೆಸರು, ಹುದ್ದೆ, ಷರಾ ಇವು ಯೂನಿಕೋಡ್ ಬರುವ ಮುಂಚಿನ ಫಾಂಟ್‌ಗಳಲ್ಲಿ ಬೆರಳಚ್ಚಾಗಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹೆಸರಿನ ಜಾಗದಲ್ಲಿ ಬರೀ ಚಿಹ್ನೆಗಳು. ಪರಿವರ್ತಕ ಬಳಸಿದೆವು. ಅರ್ಕಾವೊತ್ತು, ಒತ್ತಕ್ಷರ ಇರುವ ಕಡೆ ಕೆಲವು ಹೆಸರು ಅಡಿಮೇಲಾದವು. ಹೆಸರು ತಪ್ಪಾದರೆ ಪಿಎಫ್ ಕಚೇರಿಯಲ್ಲಿ ಅರ್ಜಿ ಅಲ್ಲೇ ನಿಲ್ಲುತ್ತದೆ, ಹಾಗಾಗಿ ಪರಿವರ್ತನೆಯಾದ ಹೆಸರುಗಳನ್ನು ಸೇವಾ ಪುಸ್ತಕದ ಜೊತೆ ಕಣ್ಣಿಟ್ಟು ಹೋಲಿಸಬೇಕಾಯಿತು.

ಈ ನಡುವೆ ಹಾಸನ ಕಡೆಯ ಒಬ್ಬ ನಿವೃತ್ತ ಫಿಟ್ಟರ್ ಕಚೇರಿಗೆ ಬಂದಿದ್ದರು. 2019ರಲ್ಲಿ ನಿವೃತ್ತರಾದವರು. ಅರ್ಜಿ ಸಕಾಲಕ್ಕೆ ಹಾಕಿದ್ದರು. ಅವರಿಗೆ ಪಿಎಫ್ ಕಚೇರಿಯಿಂದ ಬಂದ ಆಕ್ಷೇಪ, ಎರಡು ವರ್ಷದ ಸಂಬಳ ವಿವರ ಇಲ್ಲ ಅಂತ. ಅವರು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸಂಬಳದ ಚೀಟಿಗಳನ್ನು ಜೋಡಿಸಿ ತಂದಿದ್ದರು, ಡಾಟ್ ಮ್ಯಾಟ್ರಿಕ್ಸ್ ಮುದ್ರಣ, ಮೂಲೆಯಲ್ಲಿ ತೂತಿನ ಪಟ್ಟಿ ಇನ್ನೂ ಹಾಗೇ ಇತ್ತು, ಶಾಯಿ ಮಾತ್ರ ಮಾಸಿ ಮೂಲ ವೇತನದ ಮೊದಲ ಅಂಕಿ ಕಾಣುತ್ತಿರಲಿಲ್ಲ. ‘ನಾವು ಅಲ್ಲಿದ್ವಿ ಅಂತ ನಿಮ್ಮ ಕಂಪ್ಯೂಟರಾದ್ರೂ ಹೇಳ್ಬೇಕಲ್ಲ ಮೇಡಂ’ ಅಂದರು. ಆ ಎರಡು ವರ್ಷ ಅವರು ಇನ್ನೊಂದು ಘಟಕಕ್ಕೆ ನಿಯೋಜನೆ ಮೇಲೆ ಹೋಗಿದ್ದರು, ಅಲ್ಲಿ ಬೇರೆ ನೌಕರರ ಸಂಖ್ಯೆ ಕೊಟ್ಟಿದ್ದರು. ಪರದೆ ಮೇಲೆ ಹಳೇ ಸಂಖ್ಯೆ ಹಾಕಿ ಹುಡುಕಿದವರಿಗೆ ಏನೂ ಸಿಕ್ಕಿರಲಿಲ್ಲ. ಪೂರ್ತಿ ದತ್ತಾಂಶ ನಮ್ಮ ಕೈಯಲ್ಲಿ ಇದ್ದುದರಿಂದ ಹೆಸರು, ಜನ್ಮದಿನಾಂಕ, ಸೇರಿದ ದಿನಾಂಕ ಮೂರನ್ನೂ ಇಟ್ಟುಕೊಂಡು ಹುಡುಕಿದಾಗ ಇಪ್ಪತ್ತನಾಲ್ಕು ತಿಂಗಳೂ ಸಿಕ್ಕವು. ಒಂದೊಂದೇ ಚೀಟಿ ನೋಡುವ ವ್ಯವಸ್ಥೆಯಲ್ಲಿ ಇದು ಆಗುತ್ತಲೇ ಇರಲಿಲ್ಲ. ಅವರ ಥರ ಎರಡು ಸಂಖ್ಯೆ ಇದ್ದವರು ಇನ್ನೂ ಹಲವರು ಅಂತ ಆಮೇಲೆ ಗೊತ್ತಾಯಿತು, ಅವರನ್ನೆಲ್ಲ ಒಂದೇ ಪಟ್ಟಿಯಲ್ಲಿ ತೆಗೆದೆವು.

ಗೋಪ್ಯತೆ ಬಗ್ಗೆಯೂ ಹೇಳಲೇಬೇಕು. ಸಂಬಳದ ದಾಖಲೆಯಲ್ಲಿ ಬರೀ ಸಂಬಳ ಇರುವುದಿಲ್ಲ. ಯಾರ ಸಂಬಳಕ್ಕೆ ನ್ಯಾಯಾಲಯದ ಜಪ್ತಿ ಇತ್ತು, ಯಾರು ಸೊಸೈಟಿ ಸಾಲ ತೀರಿಸಲು ಒದ್ದಾಡುತ್ತಿದ್ದರು, ಹೆಂಡತಿಗೆ ಜೀವನಾಂಶ ಕಟಾವಣೆ ಯಾರದ್ದು, ಎಲ್ಲ ಇರುತ್ತದೆ. ಹಳೇ ವ್ಯವಸ್ಥೆಗೆ ಘಟಕಕ್ಕೊಂದು ಲಾಗಿನ್, ಅದೇ ಪಾಸ್‌ವರ್ಡ್ ಎಲ್ಲರಿಗೂ. ಯಾರು ಯಾರದ್ದು ನೋಡಿದರು ಅಂತ ಹೇಳುವುದಕ್ಕೆ ದಾಖಲೆಯೇ ಇರಲಿಲ್ಲ. ವಿಸ್ತರಣೆಯ ವರ್ಷದಲ್ಲಿ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಮಾಡಿಸಿದೆವು, ನೋಡಿದ್ದರ ದಾಖಲೆ ಉಳಿಯುವಂತೆ ಮಾಡಿಸಿದೆವು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ದತ್ತಾಂಶ ಬೇರೆಯವರ ಸರ್ವರ್‌ನಲ್ಲಿದ್ದರೂ ಹೊಣೆ ನಮ್ಮದೇ ಅನ್ನುವ ತತ್ವ ಅದರಲ್ಲಿದೆ. ಕಾಯ್ದೆ ಇರಲಿ ಬಿಡಲಿ, ತನ್ನ ಸಂಬಳದ ಚೀಟಿ ಅಂತ ಒಬ್ಬ ಕೆಲಸಗಾರ ನಂಬಿ ಬಿಟ್ಟುಹೋದದ್ದನ್ನು ಹೀಗೆ ತೆರೆದಿಡುವುದು ತಪ್ಪು.

ಮೇ 31ರ ಗಡುವು ಮುಂದೆ ಹೋಯಿತು. 2024ರ ಡಿಸೆಂಬರ್‌ನಲ್ಲಿ ಬಂದ ಪ್ರಕಟಣೆ ಪ್ರಕಾರ ದೇಶದಲ್ಲಿ 3.1 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಇನ್ನೂ ಮಾಲೀಕರ ಬಳಿಯೇ ಬಾಕಿ ಇದ್ದವು. ಅವರಿಗೆ 2025ರ ಜನವರಿ 31ರವರೆಗೆ ಕೊನೆಯ ಅವಕಾಶ ಸಿಕ್ಕಿತು. ಹೆಚ್ಚಿನ ಮಾಹಿತಿ ಕೇಳಿದ್ದ 4.66 ಲಕ್ಷಕ್ಕೂ ಜಾಸ್ತಿ ಪ್ರಕರಣಗಳಿಗೆ ಜನವರಿ 15ರೊಳಗೆ ಉತ್ತರ ಕೊಡಬೇಕು ಅಂತಲೂ ಹೇಳಿದರು. ಆ ಹೊತ್ತಿಗೆ ನಮ್ಮ ದತ್ತಾಂಶ ನಮ್ಮ ಕೈಯಲ್ಲಿತ್ತು, ಪೂರಕ ಬಿಲ್ಲುಗಳ ಸಮೇತ. ನಮಗೆ ಬಂದಿದ್ದ ಆಕ್ಷೇಪಗಳಿಗೆ ಉತ್ತರ ಹೋಯಿತು. ಎರಡು ಘಟಕಗಳ ಕೆಲವರದ್ದು ಮಾತ್ರ ಕಂಪ್ಯೂಟರಿಗೆ ಬರುವ ಮುಂಚಿನ ತಿಂಗಳುಗಳ ಕಾಗದ ಸಿಗದೆ ಬಾಕಿ ಉಳಿಯಿತು, ಅವರಿಗೆ ಬ್ಯಾಂಕಿನ ಹಳೇ ಲೆಡ್ಜರ್ ಮತ್ತು ಸೇವಾ ಪುಸ್ತಕದ ವಾರ್ಷಿಕ ವೇತನ ಬಡ್ತಿ ನಮೂದುಗಳಿಂದ ಸಂಬಳ ಕಟ್ಟಿಕೊಡುವ ಕೆಲಸ ನಡೆಯಿತು.

2025ರ ಮಾರ್ಚ್‌ನಲ್ಲಿ ಕಂಪನಿ ಇನ್ನೊಂದು ಪತ್ರ ಕಳಿಸಿತು, ಮತ್ತೊಂದು ವರ್ಷ ಬೇಕಾ ಅಂತ. ಬೇಡ ಅಂತ ಉತ್ತರ ಬರೆದೆವು. ಕೊನೆಯ ಕಂತಿನ ಬಿಲ್ಲಿಗೆ ಪರೀಕ್ಷಾ ವರದಿ ಲಗತ್ತಿಸಿ ಪಾಸು ಮಾಡಿದೆವು. ದತ್ತಾಂಶದ ಒಂದು ಪ್ರತಿ ಕೇಂದ್ರ ಕಚೇರಿಯಲ್ಲಿ, ಇನ್ನೊಂದು ರಾಜ್ಯ ಸರ್ಕಾರದ ದತ್ತಾಂಶ ಕೇಂದ್ರದಲ್ಲಿದೆ. ಸಂಕೇತಗಳ ಪಟ್ಟಿಯನ್ನು ಮುದ್ರಿಸಿ ಹೊಲಿಸಿ ಲೆಕ್ಕಪತ್ರ ವಿಭಾಗದ ಬೀರುವಿನಲ್ಲೂ ಇಟ್ಟಿದ್ದೇವೆ. ಈಗ ಚಾಲ್ತಿಯಲ್ಲಿರುವ ವೇತನ ತಂತ್ರಾಂಶದ ಗುತ್ತಿಗೆ ನವೀಕರಣಕ್ಕೆ ಬಂದಾಗ, ವರ್ಷಕ್ಕೊಮ್ಮೆ ಪೂರ್ತಿ ಪ್ರತಿ ನಮಗೆ ಕೊಡಬೇಕು ಮತ್ತು ಪ್ರತಿ ಸಲವೂ ಚಲನ್ ಜೊತೆ ಹೋಲಿಸಿ ಸಹಿ ಮಾಡಬೇಕು ಎಂಬ ಷರತ್ತು ಅದರಲ್ಲಿ ಸೇರಿದೆ.